ಅಪ್‌ಡೇಟ್: ಬೇಕನ್ ಹಾಕಿದ ಎಲೆಕೋಸಿನ ಪಲ್ಯ ಈಗ ನೀರಾಗ್ತಿಲ್ಲ

ಪಲ್ಯ ಮಾಡುವಾಗ ಬೇಕನ್ (ಉಪ್ಪು ಹಾಕಿ ಸಂಸ್ಕರಿಸಿದ ಹಂದಿಮಾಂಸ) ಗರಿಗರಿ ಆಗಲ್ಲ, ಕೋಸು ನೀರು ಬಿಡುತ್ತೆ, ಏನು ಮಾಡ್ಲಿ ಅಂತ ಹಿಂದೆ ಇಲ್ಲಿ ಕೇಳಿದ್ದೆ. ಕೈಹಿಡಿದದ್ದು 'ತಣ್ಣಗಿನ ಬಾಣಲೆಯಿಂದ ಶುರುಮಾಡಿ' ಅನ್ನೋ ಸಲಹೆ. 100 ಗ್ರಾಂ ಬೇಕನ್ ಚೂರುಗಳನ್ನ ಎಣ್ಣೆಯಿಲ್ಲದೆ ಸಣ್ಣ ಉರಿಯಲ್ಲಿ 8–10 ನಿಮಿಷ ಹುರಿದ್ರೆ ಕೊಬ್ಬು ಕರಗಿ ಹೊರಬರುತ್ತೆ. ಬಾಣಲೆ ಮೊದಲೇ ಕಾದಿದ್ರೆ ಅಂಚು ಸೀಯುತ್ತೆ, ಕೊಬ್ಬು ಹಾಗೇ ಉಳಿಯುತ್ತೆ. ಚೂರು ತೆಗೆದಿಟ್ಟು, ಒಂದು ದೊಡ್ಡ ಚಮಚ ಕೊಬ್ಬಿನಲ್ಲೇ ಸಾಸಿವೆ, ಕರಿಬೇವು, ಹಸಿಮೆಣಸಿನಕಾಯಿ ಒಗ್ಗರಣೆ. ಆಮೇಲೆ ತೊಳೆದು ಪೂರ್ತಿ ನೀರಾರಿಸಿದ 400 ಗ್ರಾಂ ಕೋಸು, ದೊಡ್ಡ ಉರಿ, 5–6 ನಿಮಿಷ, ಮುಚ್ಚಳ ಬೇಡವೇ ಬೇಡ.

ಅಕ್ಕಿಹಿಟ್ಟು ಉದುರಿಸಿ ಅನ್ನೋ ಇನ್ನೊಂದು ಸಲಹೆ ಉಪಯೋಗವಾಗ್ಲಿಲ್ಲ, ಬರೀ ಅಂಟಂಟು. ಅಚ್ಚರಿ ಅಂದ್ರೆ ಉಪ್ಪು: ಬೇಕನ್‌ನದ್ದೇ ಹೆಚ್ಚುಕಮ್ಮಿ ಸಾಕು. ಮೊದಲೇ ಹಾಕಿದ್ರೆ ಕೋಸಿನ ನೀರೆಲ್ಲ ಆಚೆ ಬರುತ್ತೆ, ರುಚಿ ನೋಡಿ ಕೊನೆಗೆ ಹಾಕಿ. ಬೆಂಗಳೂರಲ್ಲಿ ಸಿಗೋ ಫ್ರೋಜನ್ ಪ್ಯಾಕೆಟ್ ಆದ್ರೆ ಹಿಂದಿನ ರಾತ್ರಿಯೇ ಫ್ರೀಜರ್‌ನಿಂದ ಫ್ರಿಜ್‌ಗೆ ಇಳಿಸಿಡಿ. ತೆಗೆದಿಟ್ಟ ಗರಿಗರಿ ಬೇಕನ್ ಚೂರು ಬಡಿಸುವಾಗಲೇ ಬೆರೆಸಿ.