ಜಿನೋವಾದ ಚರ್ಚು ಮತ್ತು ಅರಮನೆಗಳ ಕಾಲ್ನಡಿಗೆ: ಹೋಗಿಬಂದವರ ಅನುಭವ

ಪ್ರಶ್ನೆ: ಮಿಲಾನಿನಿಂದ ಒಂದು ದಿನದ ಮಟ್ಟಿಗೆ ಇಟಲಿಯ ಬಂದರು ನಗರ ಜಿನೋವಾಕ್ಕೆ ಹೋಗಲಿದ್ದೇವೆ. ಹಳೆಯ ಚರ್ಚುಗಳನ್ನೂ ಅರಮನೆಗಳನ್ನೂ ನಡೆದೇ ನೋಡುವ ಆಸೆಯಿದೆ. ಜೊತೆಗಿರುವ ಅಮ್ಮನಿಗೆ ಮಂಡಿನೋವು. ಯಾವ ಕ್ರಮದಲ್ಲಿ ನೋಡಿದರೆ ಅನುಕೂಲ?

ಉತ್ತರ 1: ಚರ್ಚುಗಳನ್ನು ಬೆಳಿಗ್ಗೆಯೇ ನೋಡಿಬಿಡಿ, ಏಕೆಂದರೆ ಹಲವು ಚರ್ಚುಗಳು ಮಧ್ಯಾಹ್ನ ಕೆಲವು ಗಂಟೆ ಬಾಗಿಲು ಮುಚ್ಚಿರುತ್ತವೆ. ಕಪ್ಪುಬಿಳುಪು ಪಟ್ಟೆಗಳ ಸಾನ್ ಲೊರೆಂಜೊ ಕೆಥೆಡ್ರಲ್‌ನಿಂದ ಆರಂಭಿಸಬಹುದು. 1941ರ ಫೆಬ್ರವರಿಯಲ್ಲಿ ಬ್ರಿಟಿಷ್ ನೌಕಾಪಡೆ ಹಾರಿಸಿದ ಶೆಲ್ಲೊಂದು ಇದರೊಳಗೆ ಬಿದ್ದೂ ಸಿಡಿಯಲಿಲ್ಲ. ಅದರ ನೆನಪಿಗೆ ಒಂದು ಶೆಲ್ಲನ್ನು ಒಳಗೆ ನಿಲ್ಲಿಸಿದ್ದಾರೆ. ಸಮೀಪದಲ್ಲೇ ಇರುವ ಜೆಸು ಚರ್ಚಿನಲ್ಲಿ ಹೆಸರಾಂತ ಚಿತ್ರಕಾರ ರೂಬೆನ್ಸ್‌ನ ಎರಡು ದೊಡ್ಡ ಚಿತ್ರಗಳು ಸಂಗ್ರಹಾಲಯದ ಪಾಲಾಗದೆ ಇಂದಿಗೂ ಪೂಜಾಪೀಠಗಳ ಮೇಲೆಯೇ ಇವೆ. ಆದರೆ ನಾನು ಹೆಚ್ಚು ಹೊತ್ತು ನಿಂತದ್ದು ಜಿನೋವಾದ ಶ್ರೀಮಂತ ಡೋರಿಯಾ ಮನೆತನದ ಸಾನ್ ಮತ್ತೇಯೊ ಚರ್ಚಿನ ಮುಂದೆ. ಅದರ ಮುಂಗೋಡೆಯ ಬಿಳಿ ಅಮೃತಶಿಲೆಯ ಪಟ್ಟೆಗಳ ಮೇಲೆ ಆ ಮನೆತನದವರು ಸಮುದ್ರದಲ್ಲಿ ಗೆದ್ದ ಯುದ್ಧಗಳ ವಿವರವನ್ನು, ನಮ್ಮ ದೇವಾಲಯಗಳ ಗೋಡೆಯ ಶಾಸನಗಳಂತೆ, ಸಾಲುಸಾಲಾಗಿ ಕೊರೆಸಿದ್ದಾರೆ. ನೌಕಾಧಿಪತಿ ಆಂದ್ರೆಯಾ ಡೋರಿಯಾನ ಸಮಾಧಿಯೂ ಇದೇ ಚರ್ಚಿನ ನೆಲಮಾಳಿಗೆಯಲ್ಲಿದೆ.

ಉತ್ತರ 2: ಮಧ್ಯಾಹ್ನವನ್ನು ಗರಿಬಾಲ್ಡಿ ಬೀದಿಗೆ ಮೀಸಲಿಡಿ. ಸುಮಾರು 250 ಮೀಟರ್ ಉದ್ದದ ಈ ಬೀದಿಯ ಎರಡೂ ಬದಿಗೆ ಅರಮನೆಗಳೇ ಇವೆ. ಆಗ ಸ್ವತಂತ್ರ ಗಣರಾಜ್ಯವಾಗಿದ್ದ ಜಿನೋವಾಕ್ಕೆ ಬರುವ ರಾಜಅತಿಥಿಗಳನ್ನು ಉಳಿಸಿಕೊಳ್ಳಲು ಯೋಗ್ಯವಾದ ಮನೆಗಳ ಅಧಿಕೃತ ಪಟ್ಟಿಯನ್ನು 1576ರಲ್ಲಿ ಸಿದ್ಧಪಡಿಸಿ, ಆತಿಥ್ಯದ ಹೊಣೆಯನ್ನು ಶ್ರೀಮಂತ ಮನೆತನಗಳಿಗೆ ಹಂಚುತ್ತಿದ್ದರು. ಅಂಥ 42 ಅರಮನೆಗಳು 2006ರಲ್ಲಿ ಯುನೆಸ್ಕೊ ವಿಶ್ವಪರಂಪರೆಯ ಪಟ್ಟಿಗೆ ಸೇರಿದವು. ಈ ಹಿನ್ನೆಲೆ ತಿಳಿದಿದ್ದರೆ ಅಂಗಳಗಳೂ ವಿಶಾಲವಾದ ಮೆಟ್ಟಿಲುಗಳೂ ಯಾರ ಕಣ್ಣಿಗಾಗಿ ಕಟ್ಟಿದವೆಂಬುದು ಅರ್ಥವಾಗುತ್ತದೆ. ಇದೇ ಬೀದಿಯ ರೊಸ್ಸೊ, ಬಿಯಾಂಕೊ, ತುರ್ಸಿ ಅರಮನೆಗಳಿಗೆ ಒಂದೇ ಟಿಕೆಟ್ ಸಾಕು. ಪ್ರಸಿದ್ಧ ಪಿಟೀಲುವಾದಕ ಪಗನೀನಿಯ ಪಿಟೀಲು ಇರುವುದು ತುರ್ಸಿಯಲ್ಲಿ. ಸೋಮವಾರ ಮಾತ್ರ ಹೋಗಬೇಡಿ, ಅಂದು ಇವುಗಳಿಗೆ ರಜೆ.

ಉತ್ತರ 3: ಮೇಲಿನ ಇಬ್ಬರ ಮಾತನ್ನೂ ಒಪ್ಪುತ್ತೇನೆ, ಆದರೆ ಮಂಡಿನೋವಿರುವವರಿಗೆ ಮೂರು ಅರಮನೆಗಳು ಹೆಚ್ಚಾಗುತ್ತವೆ. ಒಂದನ್ನು ನೋಡಿ, ಉಳಿದವುಗಳ ಅಂಗಳಕ್ಕೆ ಮಾತ್ರ ಇಣುಕಿ ಬನ್ನಿ. ಪಕ್ಕದ ಪೋರ್ತೆಲ್ಲೊ ಚೌಕದಿಂದ ಕಾಸ್ತೆಲ್ಲೆತ್ತೊ ದಿಬ್ಬಕ್ಕೆ ಸಾರ್ವಜನಿಕ ಲಿಫ್ಟ್ ಇದೆ. ಅಮ್ಮ ಒಂದು ಮೆಟ್ಟಿಲನ್ನೂ ಹತ್ತದೆ ಹಳೆಯ ನಗರದ ಛಾವಣಿಗಳನ್ನೂ ಬಂದರನ್ನೂ ಒಟ್ಟಿಗೆ ನೋಡಬಹುದು. ಮರಳುವ ರೈಲು ಪ್ರಿಂಚಿಪೆ ನಿಲ್ದಾಣದಿಂದ ಇದ್ದರೆ, ದಾರಿಯಲ್ಲೇ ಸಿಗುವ ಬಾಲ್ಬಿ ಬೀದಿಯ ರಾಯಲ್ ಅರಮನೆಯನ್ನು ಸಮಯ ಉಳಿದರೆ ಮಾತ್ರ ಸೇರಿಸಿಕೊಳ್ಳಿ.