ಸ್ಟ್ಯಾಂಡರ್ಡ್ ಹೆರಾಲ್ಡ್ ಕಾರಿನ ಹಿಂದಿನ ಆಕ್ಸಲ್ ಶಾಫ್ಟ್ ಮತ್ತು ಕ್ರಾಸ್ ಎಲ್ಲಿ ಸಿಗಬಹುದು?

ಪ್ರಶ್ನೆ (ಮೈಸೂರು)

ನಮ್ಮ ತಂದೆಯವರು ಕೊಂಡಿದ್ದ 1965ರ ಸ್ಟ್ಯಾಂಡರ್ಡ್ ಹೆರಾಲ್ಡ್ ಕಾರನ್ನು ಎಂಟು ವರ್ಷಗಳ ನಂತರ ಮತ್ತೆ ರಸ್ತೆಗೆ ಇಳಿಸಿದ್ದೇನೆ. ಎಂಜಿನ್ ಮತ್ತು ಗೇರ್ ಬಾಕ್ಸ್ ಚೆನ್ನಾಗಿವೆ. ಆದರೆ ಮೊದಲ ಗೇರಿನಲ್ಲಿ ಕ್ಲಚ್ ಬಿಡುವಾಗಲೂ ರಿವರ್ಸ್ ಹಾಕಿದಾಗಲೂ ಹಿಂದಿನ ಎಡಭಾಗದಿಂದ ‘ಟಕ್’ ಎಂಬ ಸದ್ದು ಬರುತ್ತಿದೆ. ಜಾಕ್ ಹಾಕಿ ನೋಡಿದಾಗ ಡಿಫರೆನ್ಷಿಯಲ್ (ಎಂಜಿನ್ನಿನ ಬಲವನ್ನು ಹಿಂದಿನ ಎರಡು ಚಕ್ರಗಳಿಗೆ ಹಂಚುವ ಭಾಗ) ಪಕ್ಕದ ಕ್ರಾಸ್ (ಶಾಫ್ಟ್ ಬಾಗುತ್ತಾ ತಿರುಗುವಂತೆ ಮಾಡುವ ಶಿಲುಬೆಯಾಕಾರದ ಕೀಲು) ಸಡಿಲವಾಗಿರುವುದು ಸ್ಪಷ್ಟವಾಗಿ ಕಂಡಿತು. ಚಕ್ರದ ಕಡೆಯ ನೀಡಲ್ ಬೇರಿಂಗಿನಲ್ಲಿಯೂ (ಸೂಜಿಯಂಥ ಸಣ್ಣ ಉರುಳೆಗಳ ಬೇರಿಂಗ್) ಸವೆತವಿದ್ದಂತಿದೆ. ಶಾಫ್ಟ್ ಸವೆದಿದ್ದರೆ ಬೆಸುಗೆ ತುಂಬಿಸಿ ಲೇತ್‌ನಲ್ಲಿ ಅಳತೆಗೆ ತರಬಹುದೆಂದು ಇಲ್ಲಿನ ಮೆಕ್ಯಾನಿಕ್ ಹೇಳುತ್ತಾರೆ. ಹೊಸ ಶಾಫ್ಟ್ ಹಾಗೂ ಕ್ರಾಸ್ ದೊರೆಯುವ ಜಾಗವನ್ನು ತಿಳಿದವರು ದಯವಿಟ್ಟು ತಿಳಿಸಬೇಕು.

ಉತ್ತರ (ಬೆಂಗಳೂರು)

ಮೊದಲಿಗೆ, ಬೆಸುಗೆಯ ಯೋಚನೆಯನ್ನು ದಯವಿಟ್ಟು ಕೈಬಿಡಿ. ಅಂಬಾಸಿಡರ್‌ನಂತೆ ಹೆರಾಲ್ಡ್‌ಗೆ ಹಿಂದೆ ಎರಡೂ ಚಕ್ರಗಳನ್ನು ಒಟ್ಟಿಗೆ ಹಿಡಿದಿಡುವ ಗಟ್ಟಿ ಆಕ್ಸಲ್ ಇಲ್ಲ. ಎರಡೂ ಚಕ್ರಗಳು ಬೇರೆಬೇರೆಯಾಗಿ ಏರಿಳಿಯುತ್ತವೆ, ಮತ್ತು ಚಕ್ರವನ್ನು ತಿರುಗಿಸುವ ಅದೇ ಶಾಫ್ಟ್ ಚಕ್ರ ಅಡ್ಡಕ್ಕೆ ಸರಿಯದಂತೆ ಹಿಡಿದಿಡುವ ಕೆಲಸವನ್ನೂ ಮಾಡುತ್ತದೆ. ನೀಡಲ್ ಬೇರಿಂಗ್ ಶಾಫ್ಟಿನ ಮೈಮೇಲೆಯೇ ನೇರವಾಗಿ ಉರುಳುವುದರಿಂದ ಆ ಮೈ ಗಡಸಾಗಿರಲೇಬೇಕು. ಬೆಸುಗೆಯ ಕಾವಿಗೆ ಆ ಗಡಸುತನ ಹೋಗುತ್ತದೆ. ಶಾಫ್ಟ್ ಹೊರತುದಿಯಲ್ಲಿ ತುಂಡಾದರೆ ಚಕ್ರವೇ ಕಳಚಿ ಹೋಗುತ್ತದೆ. ಮನೆಯವರನ್ನು ಕೂರಿಸಿಕೊಂಡು ಹೋಗುವ ಗಾಡಿಯಲ್ಲಿ ಇಂಥ ಅಪಾಯಕ್ಕೆ ಎಡೆ ಕೊಡಬಾರದು.

ಕ್ರಾಸ್ ಸಿಗುವುದು ಕಷ್ಟವಲ್ಲ. ಹಳೆಯದನ್ನು ಬಿಚ್ಚಿ, ಅದರ ತುದಿಗಳ ಮೇಲಿರುವ ಕಪ್‌ನ ವ್ಯಾಸವನ್ನೂ ಎದುರುಬದುರಿನ ಎರಡು ಕಪ್‌ಗಳ ಹೊರ ಅಂಚಿನ ನಡುವಿನ ಅಂತರವನ್ನೂ ವರ್ನಿಯರ್‌ನಿಂದ ಅಳೆದು, ಹಳೆಯ ಕ್ರಾಸನ್ನೇ ಕೈಯಲ್ಲಿ ಹಿಡಿದುಕೊಂಡು ಜೆ.ಸಿ. ರಸ್ತೆಯ ಬಿಡಿಭಾಗಗಳ ಅಂಗಡಿಗಳಿಗೆ ಹೋಗಿ. ‘ಹೆರಾಲ್ಡ್’ ಎಂದು ಕೇಳಿದರೆ ಇಲ್ಲವೆನ್ನುವವರೇ ಅಳತೆ ಕೊಟ್ಟರೆ ಪೆಟ್ಟಿಗೆ ತೆರೆಯುತ್ತಾರೆ.

ಶಾಫ್ಟಿಗೆ ಮಾತ್ರ ಇಂಗ್ಲೆಂಡಿನ ಕಡೆ ನೋಡುವುದು ಒಳ್ಳೆಯದು. ನಮ್ಮ ಸ್ಟ್ಯಾಂಡರ್ಡ್ ಹೆರಾಲ್ಡ್‌ಗೆ ಮೂಲವಾದ, ಅಲ್ಲಿ 1959ರಲ್ಲಿ ಬಂದ ಟ್ರಯಂಫ್ ಹೆರಾಲ್ಡ್‌ನ ಚಾಸಿಯಿಂದಲೇ ಸ್ಪಿಟ್‌ಫೈರ್ ಮತ್ತು ವಿಟೆಸ್ ಕಾರುಗಳು ಹುಟ್ಟಿದವು. ಸ್ಪಿಟ್‌ಫೈರ್ 1980ರವರೆಗೂ ತಯಾರಾದ ಕಾರಣ ಈ ಮನೆತನದ ಬಿಡಿಭಾಗಗಳ ವ್ಯಾಪಾರ ಇಂದಿಗೂ ಅಲ್ಲಿ ಜೀವಂತವಾಗಿದೆ. ಆದರೆ 1973ರ ನಂತರದ ಸ್ಪಿಟ್‌ಫೈರ್‌ನ ಶಾಫ್ಟ್ ಹೆಚ್ಚು ಉದ್ದವಿರುವುದರಿಂದ, ನಿಮ್ಮ ಶಾಫ್ಟಿನ ಉದ್ದವನ್ನು ಬರೆದು ಕಳುಹಿಸಿ, ಹೊಂದುವುದೆಂದು ಖಚಿತವಾದ ಮೇಲೆಯೇ ಹಣ ಕಟ್ಟಿ.

ಉತ್ತರ (ಮಂಗಳೂರು)

ಶಾಫ್ಟ್ ತೆಗೆಯಲು ಹಬ್ (ಚಕ್ರವನ್ನು ಬಿಗಿಯುವ ಭಾಗ) ಬಿಚ್ಚುವ ವಿಷಯದಲ್ಲಿ ಒಂದು ಮಾತು ಸೇರಿಸಬೇಕೆನಿಸಿತು. ಹೆರಾಲ್ಡ್‌ನ ಹಬ್ ಶಾಫ್ಟಿನ ಟೇಪರ್ ತುದಿಯ (ಸಣ್ಣದಾಗುತ್ತಾ ಹೋಗುವ ತುದಿ) ಮೇಲೆ, ಜಾರದಂತೆ ತಡೆಯುವ ಕೀ ಸಮೇತ ಬಿಗಿಯಾಗಿ ಕೂತಿರುತ್ತದೆ, ಅರವತ್ತು ವರ್ಷಗಳಲ್ಲಿ ಅದು ಶಾಫ್ಟಿಗೆ ಅಂಟಿಕೊಂಡೇ ಇರುತ್ತದೆ. ನಾನು ಮೊದಲ ಸಲ ಸಾಮಾನ್ಯ ಮೂರು ಕಾಲಿನ ಪುಲ್ಲರ್ (ಎಳೆದು ಬಿಡಿಸುವ ಸಾಧನ) ಹಾಕಿಸಿ ಹಬ್‌ನ ಅಂಚನ್ನು ಬಗ್ಗಿಸಿಕೊಂಡೆ. ಹೀಗೆ ಒಂದು ಒಳ್ಳೆಯ ಭಾಗ ಹಾಳಾಯಿತು. ಎರಡನೆಯ ಸಲ, ವೀಲ್ ಬೋಲ್ಟ್‌ಗಳಿಗೇ ನಟ್ ಹಾಕಿ ಬಿಗಿಯುವಂಥ ದಪ್ಪ ತಟ್ಟೆಯ ಪುಲ್ಲರನ್ನು ಲೇತ್‌ನವರಿಂದ ಮಾಡಿಸಿ, ಬಿಗಿ ಕೊಟ್ಟು ಒಂದು ರಾತ್ರಿ ಬಿಟ್ಟೆವು. ಬೆಳಿಗ್ಗೆ ಒಂದು ಸಣ್ಣ ಏಟಿಗೆ ಹಬ್ ಬಿಟ್ಟುಕೊಂಡಿತು. ಹೊಸ ಕ್ರಾಸ್ ಕೂರಿಸುವಾಗ ಕಪ್‌ನೊಳಗಿನ ಸೂಜಿಗಳು ಮಗುಚದಂತೆ ಗ್ರೀಸ್ ತುಂಬಿಸಿ, ಸುತ್ತಿಗೆಯ ಬದಲು ಬೆಂಚ್ ವೈಸ್‌ನಲ್ಲಿ ಒತ್ತಿಸಿ.

ಉತ್ತರ (ಹುಬ್ಬಳ್ಳಿ)

ಗುಜರಿ ಅಂಗಡಿಗಳಲ್ಲಿ ‘ಸ್ಟ್ಯಾಂಡರ್ಡ್ ಗಾಡಿಯದು’ ಎಂದು ಗೆಜೆಲ್‌ನ ಹಿಂದಿನ ಆಕ್ಸಲ್ ಕೊಡಲು ಬರಬಹುದು, ಎಚ್ಚರವಿರಲಿ. ಹೆರಾಲ್ಡ್ ತಯಾರಿಸುತ್ತಿದ್ದ ಮದರಾಸಿನ ಸ್ಟ್ಯಾಂಡರ್ಡ್ ಕಂಪನಿಯವರು ತಮ್ಮ ಮುಂದಿನ ಕಾರಾದ 1970ರ ದಶಕದ ಗೆಜೆಲ್‌ಗೆ ಹೆರಾಲ್ಡ್‌ನ ಈ ವ್ಯವಸ್ಥೆಯನ್ನೇ ಬಿಟ್ಟು ಗಟ್ಟಿ ಆಕ್ಸಲ್ ಹಾಕಿದ್ದರು. ಅದರ ಶಾಫ್ಟ್ ನಿಮ್ಮ ಕಾರಿಗೆ ಬರುವುದಿಲ್ಲ.

ಪ್ರಶ್ನಿಸಿದವರಿಂದ

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ತಟ್ಟೆಯ ಪುಲ್ಲರ್ ಮಾಡಿಸಿ ನಿನ್ನೆ ಹಬ್ ತೆಗೆಸಿದೆ. ಎಡ ಶಾಫ್ಟಿನಲ್ಲಿ ಬೇರಿಂಗ್ ಉರುಳುವ ಜಾಗ ಉಗುರಿಗೆ ಸಿಗುವಷ್ಟು ತಗ್ಗಾಗಿದೆ, ಬಲಗಡೆಯದು ನುಣುಪಾಗಿದೆ. ಹಾಗಾಗಿ ಒಂದೇ ಶಾಫ್ಟ್, ಎರಡು ಕ್ರಾಸ್ ಮತ್ತು ಎರಡೂ ಕಡೆಯ ನೀಡಲ್ ಬೇರಿಂಗ್‌ಗಳನ್ನು ತರಿಸುತ್ತಿದ್ದೇನೆ. ಅವು ಬರುವವರೆಗೆ ಕಾರನ್ನು ಸ್ಟ್ಯಾಂಡ್ ಮೇಲೆಯೇ ನಿಲ್ಲಿಸಿರುತ್ತೇನೆ.