ಪದಚರ್ಚೆ: ‘ಸಿನಾಲ್’ಗೆ ಮುಂಗಡ ಸಾಕೇ? (ನಾಳೆ ಅಚ್ಚಿಗೆ)

ಕೊತ್ರೂಡ್, ಪುಣೆ:
ನಮಸ್ಕಾರ. ಪೋರ್ಚುಗಲ್‌ನಲ್ಲಿ ಮನೆ ಕೊಳ್ಳುವ ಕನ್ನಡಿಗರಿಗಾಗಿ ವಕೀಲರ ಕಚೇರಿಯೊಂದರ ಕೈಪಿಡಿ ಅನುವಾದವಾಗುತ್ತಿದೆ. ನಾಳೆ ಹನ್ನೊಂದಕ್ಕೆ ಅಚ್ಚಿಗೆ ಹೋಗಬೇಕು. ಖರೀದಿ ಕರಾರಿಗೆ ಸಹಿ ಹಾಕುವಾಗ ಕೊಡುವ ಹಣಕ್ಕೆ ಅಲ್ಲಿ ‘ಸಿನಾಲ್’ ಎನ್ನುತ್ತಾರೆ. ಸಾಮಾನ್ಯವಾಗಿ ಬೆಲೆಯ ಶೇ. 10ರಿಂದ 30. ಕೊಳ್ಳುವವರು ಮಾತು ತಪ್ಪಿದರೆ ಅದು ಹೋಯಿತು. ಮಾರುವವರು ತಪ್ಪಿದರೆ ಎರಡರಷ್ಟು ವಾಪಸು ಕೊಡಬೇಕು. ಕರಡಿನಲ್ಲಿ ‘ಮುಂಗಡ’ ಎಂದಿದೆ. ಸಾಕೇ?

ಡೊಂಬಿವಲಿ:
ಸಾಕು. ಆಡುವಾಗ ಅಡ್ವಾನ್ಸು, ಬರೆಯುವಾಗ ಮುಂಗಡ. ಎಲ್ಲರಿಗೂ ತಿಳಿಯುತ್ತದೆ.

ಮಾಟುಂಗ:
ಸಾಲದು. ಮುಂಗಡವೆಂದರೆ ಬೆಲೆಯಲ್ಲಿ ಮೊದಲೇ ಕೊಟ್ಟ ಪಾಲು. ವ್ಯವಹಾರ ಮುರಿದರೆ ವಾಪಸು ಬರುತ್ತದೆ ಎಂದೇ ಓದುವವರು ತಿಳಿಯುತ್ತಾರೆ. ಅಲ್ಲಿನ ನಾಗರಿಕ ಸಂಹಿತೆಯ 441ನೇ ವಿಧಿ ನೋಡಿ: ಇಂಥ ಕರಾರಿನಲ್ಲಿ ಕೊಳ್ಳುವವರು ಕೊಟ್ಟ ಮೊತ್ತವನ್ನು, ‘ಬೆಲೆಯ ಮುಂಗಡ’ ಎಂದೇ ಬರೆದಿದ್ದರೂ, ಸಿನಾಲ್ ಎಂದು ಭಾವಿಸಲಾಗುತ್ತದೆ.

ಪದ ನಮ್ಮಲ್ಲೇ ಇದೆ: ಸಂಚಕಾರ, ವ್ಯವಹಾರದ ಮಾತು ಗಟ್ಟಿ ಮಾಡಲು ಕೊಡುವ ಹಣ. ಸಂಸ್ಕೃತದ ಸತ್ಯಂಕಾರ ಪ್ರಾಕೃತದ ನಾಲಗೆಯಲ್ಲಿ ಸವೆದು ಬಂದ ರೂಪ. ಯಾಜ್ಞವಲ್ಕ್ಯ ಸ್ಮೃತಿ: ‘ಸತ್ಯಂಕಾರಕೃತಂ ದ್ರವ್ಯಂ ದ್ವಿಗುಣಂ ಪ್ರತಿದಾಪಯೇತ್’. ಅದಕ್ಕೆ ಮಿತಾಕ್ಷರಾ ಎಂಬ ವ್ಯಾಖ್ಯಾನ ಬರೆದ ನಮ್ಮ ಕಲ್ಯಾಣದ ವಿಜ್ಞಾನೇಶ್ವರ ಉಂಗುರದ ಉದಾಹರಣೆ ಕೊಡುತ್ತಾನೆ. ಕ್ರಯದ ಮಾತಿಗೆ ಉಂಗುರ ಕೊಟ್ಟವನೇ ತಪ್ಪಿದರೆ ಉಂಗುರ ಬಿಡಬೇಕು. ಇಸಿದುಕೊಂಡವನು ತಪ್ಪಿದರೆ ಎರಡರಷ್ಟು ತೆರಬೇಕು. ಸಿನಾಲ್‌ನ ಲೆಕ್ಕ ಇದೇ.

ಡೊಂಬಿವಲಿ:
ಪತ್ರಿಕೆ ತೆರೆದು ನೋಡಿ: ‘ಜೀವಕ್ಕೆ ಸಂಚಕಾರ’. ಇವತ್ತು ಆ ಪದಕ್ಕೆ ಅಪಾಯ ಎಂದೇ ಅರ್ಥ. ‘ಶೇ. 10 ಸಂಚಕಾರ’ ಎಂದು ಅಚ್ಚು ಹಾಕಿದರೆ ಮನೆ ಕೊಳ್ಳುವವರು ಏನು ತಿಳಿಯಬೇಕು?

ಮುಲುಂಡ್:
ಎರಡೂ ಬೇಡ. ಸಂಸ್ಕೃತದ ಸವಕಲು ನಾಣ್ಯ ಯಾಕೆ? ‘ನಚ್ಚುಹಣ’ ಎನ್ನಿ, ನಚ್ಚು ಅಂದರೆ ನಂಬಿಕೆ. ಅಚ್ಚಗನ್ನಡ.

ಮಾಟುಂಗ:
ಯಾರೂ ಆಡದ ಮಾತು. ನಿಮ್ಮ ಅಚ್ಚಗನ್ನಡದ ‘ಹಣ’ ಬಂದದ್ದು ಸಂಸ್ಕೃತದ ‘ಪಣ’ದಿಂದ. ಕರಾರು, ವಕೀಲ, ರದ್ದು, ದಸ್ತಾವೇಜು ಎಲ್ಲ ಅರಬ್ಬಿ, ಪಾರಸಿ. ಅವನ್ನೂ ತೆಗೆದರೆ ಕೈಪಿಡಿಯಲ್ಲಿ ಉಳಿಯುವುದು ಎಷ್ಟು ಪುಟ? ಪುಣೆಯಲ್ಲಿ ಮರಾಠಿಗರು ‘ಇಸಾರ ಪಾವತಿ’ಯನ್ನು (ಸಂಚಕಾರದ ರಸೀತಿ) ಬಿಟ್ಟುಕೊಟ್ಟಿಲ್ಲ. ನಾವು ಮಾತ್ರ ಇದ್ದ ಪದವನ್ನು ಅಪಾಯಕ್ಕೆ ಒಪ್ಪಿಸಿ ಕೂತಿದ್ದೇವೆ.

ಮಡಗಾಂವ್:
ವ್ಯುತ್ಪತ್ತಿ ಆಮೇಲೆ ನೋಡೋಣ. ಎಡವುವುದು ಬೇರೆ ಕಡೆ. ದಲ್ಲಾಳಿ ಮೊದಲು ಕೇಳುವ ‘ರೆಸೆರ್ವಾ’ ಸಿನಾಲ್ ಅಲ್ಲ. ಮನೆಯನ್ನು ಬೇರೆಯವರಿಗೆ ತೋರಿಸದಿರಲಿ ಎಂದು ಕೊಡುವ ಸಣ್ಣ ಮೊತ್ತ ಅದು. ವಾಪಸು ಬರುವುದೋ ಇಲ್ಲವೋ ಎಂಬುದು ಆ ಚೀಟಿಯಲ್ಲಿ ಬರೆದಂತೆ. ಎರಡಕ್ಕೂ ಒಂದೇ ಪದ ಹಾಕಬೇಡಿ.

ಸಿನಾಲ್ ಕೊಡುವ ಮುಂಚೆ ವಕೀಲರು ನೋಂದಣಿ ಕಚೇರಿಯ ‘ಸೆರ್ತಿದಾಂವ್ ಪೆರ್ಮನೆಂತ್’ ತೆಗೆಸಬೇಕು. ಒಡೆಯರು ಯಾರು, ಅಡಮಾನ ಇದೆಯೇ ಎಂಬುದು ಅದರಲ್ಲಿರುತ್ತದೆ. ನಮ್ಮ ಋಣಭಾರ ಪತ್ರಕ್ಕೆ ಹತ್ತಿರ. ಅದರ ವಿಸ್ತೀರ್ಣ ತೆರಿಗೆ ಇಲಾಖೆಯ ಆಸ್ತಿ ದಾಖಲೆ ‘ಕಾದೆರ್ನೇಟಾ’ದ ಜೊತೆ ತಾಳೆಯಾಗಬೇಕು, ಕಟ್ಟಿಸಿದ ಮೇಲೆ ಸೇರಿಸಿದ ಕೋಣೆ ಸಿಕ್ಕಿಬೀಳುವುದು ಇಲ್ಲೇ. 2024ರಿಂದ ಬಳಕೆಯ ಪರವಾನಗಿಯನ್ನು ನೋಟರಿಯ ಮುಂದೆ ತೋರಿಸಲೇಬೇಕೆಂದಿಲ್ಲ. ಹಾಗಾಗಿ ವಕೀಲರೇ ಕೇಳಿ ಪಡೆಯಬೇಕು.

ಇನ್ನು ಗಡುವು. ವಿದೇಶಕ್ಕೆ ಹಣ ಕಳಿಸುವ ಆರ್‌ಬಿಐ ಯೋಜನೆಯಲ್ಲಿ ಒಬ್ಬರು ಒಂದು ಹಣಕಾಸು ವರ್ಷದಲ್ಲಿ ಕಳಿಸಬಹುದಾದದ್ದು 2,50,000 ಡಾಲರ್. ಮನೆಯ ಬೆಲೆ ಅದನ್ನು ಮೀರಿ, ಉಳಿದದ್ದನ್ನು ಏಪ್ರಿಲ್‌ನಲ್ಲಿ ಕಳಿಸುವಂತಿದ್ದು, ‘ಎಸ್ಕ್ರಿತೂರಾ’ ಅಂದರೆ ಕ್ರಯಪತ್ರದ ದಿನವನ್ನು ಮಾರ್ಚ್‌ಗೆ ಒಪ್ಪಿಕೊಂಡರೆ, ಗಡುವು ತಪ್ಪಿದ ಹೊಣೆ ಕೊಳ್ಳುವವರ ಮೇಲೆ. ಸಿನಾಲ್ ಕಳೆದುಕೊಳ್ಳುವ ಹಾದಿ ಶುರುವಾಗುವುದು ಅಲ್ಲಿಂದ. ಕಳೆದುಕೊಳ್ಳುವ ಭಯ ಆ ಪದದೊಳಗೇ ಇರಬೇಕು. ‘ಮುಂಗಡ’ದಲ್ಲಿ ಅದು ಇಲ್ಲ. ಆ ಮಟ್ಟಿಗೆ ಮಾಟುಂಗದವರ ಮಾತು ಸರಿ.

ಡೊಂಬಿವಲಿ:
ಹಾಗಿದ್ದರೆ ‘ಸಂಚಕಾರದ ಹಣ’ ಎನ್ನಿ. ಬರಿ ‘ಸಂಚಕಾರ’ ಬೇಡ.

ಕೊತ್ರೂಡ್, ಪುಣೆ:
ಆಗಲಿ. ಹೀಗೆ ಹಾಕಿದ್ದೇನೆ: ‘ಸಿನಾಲ್ ಎಂದರೆ ಸಂಚಕಾರದ ಹಣ. ನೀವು ತಪ್ಪಿದರೆ ಇದು ಮಾರುವವರದು. ಅವರು ತಪ್ಪಿದರೆ ನಿಮಗೆ ಎರಡರಷ್ಟು.’ ರೆಸೆರ್ವಾಕ್ಕೆ ‘ಕಾಯ್ದಿರಿಸುವ ಹಣ’. ‘ಮುಂಗಡ’ವನ್ನು ಎಲ್ಲ ಕಡೆ ಹೊಡೆದುಹಾಕಿದ್ದೇನೆ. ಇನ್ನೊಂದು: ನಮ್ಮ ಪರವಾಗಿ ಅಲ್ಲಿ ಸಹಿ ಹಾಕಲು ವಕೀಲರಿಗೆ ಕೊಡುವ ಪತ್ರ ಅಧಿಕಾರಪತ್ರವೋ, ಮುಖ್ತಿಯಾರ್‌ನಾಮೆಯೋ?

ಮುಲುಂಡ್:
ಅಧಿಕಾರಪತ್ರವೂ ಸಂಸ್ಕೃತವೇ.

ಮಡಗಾಂವ್:
ಮುಖ್ತಿಯಾರ್‌ನಾಮೆ. ಇಲ್ಲಿ ನೋಟರಿ ಮಾಡಿಸಿದ ಮೇಲೆ ಅದಕ್ಕೆ ವಿದೇಶಾಂಗ ಸಚಿವಾಲಯದ ಅಪೊಸ್ಟಿಲ್ (ಹೊರದೇಶದಲ್ಲಿ ದಾಖಲೆ ನಡೆಯಲು ಹಾಕುವ ದೃಢೀಕರಣ) ಬೇಕು ಎಂಬ ಸಾಲನ್ನೂ ಕೆಳಗೆ ಸೇರಿಸಿ. ‘ಅಪೊಸ್ಟಿಲ್’ ಹಾಗೆಯೇ ಇರಲಿ.